ಕಂಪ್ಯೂಟರಿನಲ್ಲಿ ಸಿಕ್ಕ ಹೆಂಗಸು

ಅಂಗಿ ಒಗೆಯುವ ಹೆಂಡತಿಯ ಮುಂದೆ ಸಂಡೂರಿಗೆ ಹೋಗಿ ಬಂದೆ ಎಂದು ಯಾರೂ ಸುಳ್ಳು ಹೇಳಬಾರದು. ಅಲ್ಲಿನ ಅದಿರಿನ ಕೆಂಪು ಧೂಳು ಕಾಲರಿನೊಳಗೆ, ಜೇಬಿನ ಹೊಲಿಗೆಯೊಳಗೆ ಹೋಗಿ ಕೂತಿರುತ್ತದೆ. ಎರಡು ಸಲ ಸೋಪು ಹಚ್ಚಿದರೂ ನೀರು ಕೆಂಪಗೆ ಇಳಿಯುತ್ತದೆ. ನನ್ನ ಗಂಡ ಅಲ್ಲಿನ ಗಣಿಯೊಂದರ ಆಫೀಸಿನಲ್ಲಿ ಗುಮಾಸ್ತ. ಹೊಸಪೇಟೆಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವ ಮನುಷ್ಯ. ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಭಾನುವಾರವೂ ಆಫೀಸಿದೆ ಎಂದು ಹೊರಡಲು ಶುರುಮಾಡಿದರು. ಪಾಪ, ದುಡಿಯುತ್ತಾರೆ ಎಂದುಕೊಂಡೆ. ಆಮೇಲೊಂದು ದಿನ ಭಾನುವಾರದ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿದರೆ ನೀರು ತಿಳಿಯಾಗಿಯೇ ಉಳಿಯಿತು.

ನಾನು ಅನುಮಾನದವಳು, ಅದನ್ನೇನು ಮುಚ್ಚಿಡಲಿ. ಹಾಲಿನವನು ಹಾಕಿದ ಹಾಲಿಗೆ ಬೆರಳು ಅದ್ದಿ ನೋಡುತ್ತೇನೆ, ತರಕಾರಿಯವಳ ತಕ್ಕಡಿಯ ತಳ ತಿರುಗಿಸಿ ನೋಡುತ್ತೇನೆ. ಅನುಮಾನ ದೊಡ್ಡ ರೋಗ ಅನ್ನುತ್ತಾರೆ. ನಾನು ಕಂಡಂತೆ ಆ ಮಾತನ್ನು ಹೇಳುವವರಲ್ಲಿ ಗಂಡಸರೇ ಹೆಚ್ಚು.

ಅಂಗಿಯ ನಂತರ ಉಳಿದದ್ದೆಲ್ಲ ಒಂದೊಂದಾಗಿ ಕಣ್ಣಿಗೆ ಬಿತ್ತು. ಬಸ್ಸಿನಲ್ಲಿ ಎದುರು ಕೂತ ಹೆಂಗಸರ ಮೂಗನ್ನು ಇವರು ನೆಟ್ಟ ಕಣ್ಣಿನಿಂದ ನೋಡುತ್ತಿದ್ದರು. ಕಂಪ್ಲಿಯ ಒಂದು ಮದುವೆಯಲ್ಲಿ ಊಟದ ಎಲೆಯ ಮುಂದೆ ಕೂತು ಪಾಯಸ ಬಿಟ್ಟು ಪಂಕ್ತಿಯ ಹೆಂಗಸರ ಮುಖ ನೋಡಿದರು. ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದರು:

“ಮೂಗು ಅಗಲ ಇದ್ರ ಕಣ್ಣು ಸಣ್ಣ ಕಾಣ್ತಾವೇನು?”

“ಯಾರ ಮೂಗು?”

“ಯಾರ್ದೂ ಇಲ್ಲ, ಸುಮ್ನ ಕೇಳ್ದೆ.”

ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಎರಡು ಹೆಜ್ಜೆ ಹೋದವರು ತಿರುಗಿ, “ಗದ್ದದ ಮ್ಯಾಲಿನ ಹಚ್ಚಿ ಹಸರ ಇರ್ತತೋ, ನೀಲಿ ಇರ್ತತೋ?” ಅಂದರು.

ರೊಟ್ಟಿ ಹಂಚಿನ ಮೇಲೆ ಹೊತ್ತಿತು. ನನ್ನ ಹೊಟ್ಟೆಯೂ ಹೊತ್ತಿತು. ನಮ್ಮ ವಾರಿಗೆಯ ಹೆಂಗಸರಲ್ಲಿ ಗದ್ದಕ್ಕೆ ಹಚ್ಚೆ ಹಾಕಿಸಿಕೊಂಡವರು ಯಾರೂ ಇರಲಿಲ್ಲ. ಹಚ್ಚೆ ಇದ್ದದ್ದು ಮುದುಕಿಯರಿಗೆ, ಇಲ್ಲವೆ ಗಣಿಯಲ್ಲಿ ಅದಿರು ಒಡೆಯಲು ಬರುತ್ತಿದ್ದ ಕೂಲಿ ಹೆಂಗಸರಿಗೆ. ಮುದುಕಿಯ ಹಿಂದೆ ಯಾವ ಗಂಡಸೂ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುವುದಿಲ್ಲ. ಲೆಕ್ಕ ಸರಿಹೋಯಿತು ಅನ್ನಿಸಿತು. ನನ್ನ ಸಂಸಾರದೊಳಗೆ ಒಬ್ಬಳು ಬಂದಿದ್ದಾಳೆ, ಅವಳಿಗೆ ಅಗಲ ಮೂಗು, ಗದ್ದದ ಮೇಲೆ ಹಚ್ಚೆ. ಅವಳಿಗೆ ಏನೇನು ಬೈಯಬೇಕು ಎಂದು ಪಾತ್ರೆ ತಿಕ್ಕುವಾಗಲೆಲ್ಲ ಜೋಡಿಸಿ ಇಟ್ಟುಕೊಂಡೆ.

ಮುಂದಿನ ಭಾನುವಾರ ಹಿಂಬಾಲಿಸಿದೆ. ಬಸ್ ಸ್ಟ್ಯಾಂಡಿನ ಕಡೆ ಹೊರಟವರು ಅದರ ಹಿಂದಿನ ಸಂದಿಗೆ ತಿರುಗಿದರು. ಅಲ್ಲಿ ಟೈರ್ ಅಂಗಡಿಯ ಮೇಲೆ ಒಂದು ಕಂಪ್ಯೂಟರ್ ಕ್ಲಾಸು ಹೊಸದಾಗಿ ಶುರುವಾಗಿತ್ತು. ಇವರು ಮೆಟ್ಟಿಲು ಹತ್ತಿದರು. ನಾನು ಎದುರಿನ ಬಳೆ ಅಂಗಡಿಯಲ್ಲಿ ಬೇಡದ ಬಳೆಗಳನ್ನು ಕೈಗೆ ಏರಿಸಿ ಇಳಿಸಿ, ಅಂಗಡಿಯವನು ಗೊಣಗತೊಡಗಿದ ಮೇಲೆ ಸೆರಗು ಸಿಗಿಸಿಕೊಂಡು ಹತ್ತಿದೆ.

ಕ್ಲಾಸಿನ ಮಾಲೀಕ ಎದ್ದು ನಿಂತು, “ಬರ್ರಿ ಅಕ್ಕಾರ, ಕುಂದ್ರಿ” ಅಂದ. ನಾನು ಕೂರಲಿಲ್ಲ. ಮೂಲೆಯ ಕಂಪ್ಯೂಟರಿನ ಮುಂದೆ ನನ್ನ ಗಂಡ. ಅವರ ಮುಂದೆ, ಗಾಜಿನೊಳಗೆ, ಅವಳು! ಅಗಲ ಮೂಗು. ಗದ್ದದ ಮೇಲೆ ಮೂರು ಚುಕ್ಕೆ.

“ಯಾರ್ರೀ ಇಕಿ?”

ಅವರು ತಿರುಗಿ ನೋಡಿ ಬಿಳಿಚಿಕೊಂಡರು. ಮಾಲೀಕನೇ ನಡುವೆ ಬಂದ. “ಅಕ್ಕಾರ, ಅದು ಗೇಮ್ ಐತ್ರಿ. ನಾವ ಒಂದು ಪಾತ್ರ ಆಗಿ, ಕತ್ತಿ ಹಿಡಕಂಡು ಊರೂರು ತಿರುಗೋದು. ಶುರು ಮಾಡೋಕ ಮುಂಚೆ ನಮ್ಮ ಪಾತ್ರದ ಮುಖ ಹೆಂಗಿರ್ಬೇಕು ಅಂತ ನಾವ ಮಾಡ್ಕೋಬೇಕ್ರಿ. ಕಣ್ಣು, ಮೂಗು, ಮೈಬಣ್ಣ, ಕೂದ್ಲ, ಎಲ್ಲ.” ಆಮೇಲೆ ದನಿ ತಗ್ಗಿಸಿ ಸೇರಿಸಿದ: “ಆದ್ರ ಸರು ಆಟ ಆಡಂಗಿಲ್ರಿ. ಬರೇ ಮುಖ ಮಾಡ್ತಾರ, ನೋಡ್ತಾರ, ಎದ್ದು ಹೋಗ್ತಾರ.”

ಆಟವನ್ನೇ ಆಡದವನಿಗೆ ಮುಖ ಯಾಕೆ? ನನ್ನ ಅನುಮಾನ ದುಪ್ಪಟ್ಟಾಯಿತು. “ಯಾರು ಅಂತ ಹೇಳ್ತೀರೋ, ಇಲ್ಲೇ ಬಾಯಿ ಮಾಡ್ಲೋ?” ಅಂದೆ.

“ನಮ್ಮವ್ವ,” ಅಂದರು.

ಇವರ ತಾಯಿ, ಅಂದರೆ ನನ್ನ ಅತ್ತೆ, ಇವರಿಗೆ ಬುದ್ಧಿ ಬರುವ ಮೊದಲೇ ಜ್ವರ ಬಂದು ತೀರಿಕೊಂಡವರು. ಅವರನ್ನು ನಾನು ನೋಡಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಸವೆಯುತ್ತದೆ ಎಂದು ನಂಬಿದ್ದ ಮನೆ ಅದು. ಕಾಲುವೆ ನೀರು ಬಂದು ಭತ್ತ, ಕಬ್ಬು ಕೈಹಿಡಿದ ಮೇಲೆ ಎಮ್ಮಿಗನೂರಿನ ಆ ಮನೆಯವರೆಲ್ಲ ಎತ್ತಿನ ಗಾಡಿ ಬಿಟ್ಟು ಬಾಡಿಗೆ ವ್ಯಾನಿನಲ್ಲಿ ಹಂಪಿಗೆ ಹೋದರಂತೆ. ಗೋಪುರದ ಮುಂದೆ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ, ಇವರ ಅಜ್ಜಿ ಸೊಸೆಯ ಸೆರಗನ್ನು ಮುಖದ ಮೇಲೆ ಪೂರ್ತಿ ಎಳೆದುಬಿಟ್ಟರಂತೆ. ಚಿಕ್ಕ ವಯಸ್ಸಿನ ಸೊಸೆ ಬಹುಕಾಲ ಬದುಕಲಿ ಎಂದು. ಸೊಸೆ ಮರುವರ್ಷವೇ ಹೋದಳು. ಆಯುಷ್ಯವೂ ಉಳಿಯಲಿಲ್ಲ, ಮುಖವೂ ಉಳಿಯಲಿಲ್ಲ. ಪ್ರತಿ ಮಹಾಲಯ ಅಮಾವಾಸ್ಯೆಗೆ ನಾನು ಹೋಳಿಗೆ, ಅನ್ನದ ಎಡೆ ಇಡುತ್ತಿದ್ದದ್ದು ಆ ಫೋಟೋದಲ್ಲಿನ ಒಂದು ಸೆರಗಿಗೆ.

ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ನಂಬಲಿಲ್ಲ. ತಾಯಿ ಅಂದುಬಿಟ್ಟರೆ ಹೆಂಡತಿ ಬಾಯಿ ಮುಚ್ಚುತ್ತಾಳೆ ಎಂಬುದು ಎಲ್ಲ ಗಂಡಸರಿಗೂ ಗೊತ್ತು. ತಾಯಿಯೇ ಆಗಿದ್ದರೆ ಕದ್ದು ಯಾಕೆ ಬರಬೇಕಿತ್ತು? ಕೇಳಿದೆ. “ನಲವತ್ತು ದಾಟಿದ ಗಂಡ್ಸು ಅವ್ವನ ಮುಖ ಹುಡುಕ್ತೀನಿ ಅಂದ್ರ ನಗ್ತಿದ್ದಿಲ್ಲೇನು ನೀನು?” ಅಂದರು. ನಗುತ್ತಿದ್ದೆನೇನೋ. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರೇ ಹೇಳಿದ್ದಾರೆ. ಆ ಮುಖವನ್ನು ಗುರುತಿಸಬಲ್ಲ ಜೀವ ಭೂಮಿಯ ಮೇಲೆ ಒಂದೇ ಉಳಿದಿತ್ತು: ಕಂಪ್ಲಿಯಲ್ಲಿದ್ದ ಚಿಗವ್ವ, ಅತ್ತೆಯ ಒಡಹುಟ್ಟಿದ ತಂಗಿ. ಮರುವಾರ ನಾನೇ ಹೋಗಿ, ಮುದುಕಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದು, ಟೈರ್ ಅಂಗಡಿಯ ಮೆಟ್ಟಿಲು ಹತ್ತಿಸಿದೆ. ಯಾಕೆಂದು ಮೊದಲೇ ಹೇಳಲಿಲ್ಲ. ಹೇಳಿದರೆ ಅಕ್ಕನ ಮಗನ ಪರ ಸಾಕ್ಷಿ ಹೇಳಿಬಿಟ್ಟಾಳು ಎಂಬ ಭಯ.

ಮಾಲೀಕ ಕಂಪ್ಯೂಟರಿನಲ್ಲಿ ಆ ಮುಖ ತೆರೆದು ತೋರಿಸಿದ. ಮೊದಲೇ ಬಂದು ಕೂತಿದ್ದ ನನ್ನ ಗಂಡ ಚಿಗವ್ವನನ್ನೇ ನೋಡುತ್ತಿದ್ದರು. ಆಟದವರು ಸೀರೆಯನ್ನು ಕಂಡವರಲ್ಲ. ಹೆಂಗಸಿನ ಮೈಮೇಲೆ ಕಬ್ಬಿಣದ ಕವಚ, ಸೊಂಟದಲ್ಲಿ ಕತ್ತಿ.

ಚಿಗವ್ವ ಕನ್ನಡಕ ಸರಿಮಾಡಿಕೊಂಡು, “ಯಾರವ್ವಾ ಇಕಿ? ಪೊಲೀಸ್ನಾಕಿ ಏನು?” ಅಂದಳು.

ಸಿಕ್ಕಿಬಿದ್ದಿರಿ ಎಂದು ನಾನು ಗಂಡನ ಕಡೆ ತಿರುಗಿದೆ. ಬೈಗುಳ ಬಾಯಿಯ ತುದಿಗೆ ಬಂದಿತ್ತು. ಆದರೆ ಆ ಮನುಷ್ಯನ ಮುಖ ನೋಡಿ ನುಂಗಿಕೊಂಡೆ. ಕಳ್ಳತನ ಸಿಕ್ಕಿಬಿದ್ದವನ ಮುಖ ಹಾಗಿರುವುದಿಲ್ಲ.

“ನಮ್ಮವ್ವ ಹಿಂಗ ಇದ್ದಿದ್ದಿಲ್ಲೇನು ಚಿಗವ್ವಾ?”

“ನಿಮ್ಮವ್ವನಾ!” ಮುದುಕಿ ಗಾಜಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋದಳು. “ಇಲ್ಲಪ್ಪೋ. ಮೂಗು ಇಷ್ಟು ಅಗಲ ಎಲ್ಲಿತ್ತು? ನೆಟ್ಟಗಿತ್ತು.”

“ಹೋದ ವರ್ಷ ನೀನ ಅಗಲ ಅಂದಿದ್ದಿ.”

“ಅಂದಿರ್ಬೇಕು. ಸಣ್ಣಂದು ಮಾಡು, ನೋಡೂನು.”

ಮಾಲೀಕ ಒಂದು ಗುಂಡಿ ಒತ್ತಿದರೆ ಮೂಗು ಹೋಗಿ ಬೇರೆ ಮೂಗು ಬಂತು. ಚಿಗವ್ವನಿಗೆ ಇದು ಭಾಳ ಹಿಡಿಸಿತು. ಕಣ್ಣು ಉದ್ದ ಆಗಲಿ ಅಂದಳು, ಬ್ಯಾಡ ಗುಂಡಗಿರಲಿ ಅಂದಳು. ತುಟಿ ತೆಳುವಾಯಿತು, ಹುಬ್ಬು ಕೂಡಿತು, ಮೈಬಣ್ಣ ಗೋಧಿಯಿಂದ ಕಪ್ಪಿಗೆ ಹೋಗಿ ಮತ್ತೆ ಗೋಧಿಗೆ ಬಂತು. ಪ್ರತಿ ಸಲವೂ ಇವರು, “ಈಗ? ಈಗ?” ಎಂದು ಕೇಳುತ್ತಿದ್ದರು. ಕೊನೆಗೆ ಚಿಗವ್ವ, “ಹೂಂ, ಹಿಂಗ ಇದ್ಲು ನೋಡು ನಮ್ಮಕ್ಕ,” ಎಂದು ಕಣ್ಣೊರೆಸಿಕೊಂಡಳು.

ನನಗೆ ಆಗಲೂ ಅನುಮಾನವೇ. ಅಕ್ಕನೆಂದು ಅವಳು ಒಪ್ಪಿಕೊಂಡ ಮುಖದಲ್ಲಿ ಅವಳದೇ ಮೂಗು, ಅವಳದೇ ತುಟಿ ಇದ್ದವು. ಆದರೆ ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ನನ್ನ ಜೀವನದಲ್ಲಿ ಅಂಥ ಸಂದರ್ಭಗಳು ಕಡಿಮೆ.

ಇವರು ಮಾತ್ರ ಆ ಮುಖವನ್ನು ನೋಡಿ ಕಣ್ಣು ಮುಚ್ಚಿದರು. ತೆರೆದು ನೋಡಿ ಮತ್ತೆ ಮುಚ್ಚಿದರು. ಆಮೇಲೆ ಮಾಲೀಕನಿಗೆ, “ತೆಗದುಬಿಡ್ರಿ ಇದನ್ನ,” ಅಂದರು.

“ಡಿಲೀಟ್ ಮಾಡಿದ್ರ ಮತ್ತ ಬರಂಗಿಲ್ಲ ಸರ್.”

“ಬ್ಯಾಡ. ತೆಗೀರಿ.”

ಅವನು ಒತ್ತಿದ. ಹೆಂಗಸು ಹೋದಳು, ಗಾಜಿನ ಮೇಲೆ ಬರೀ ನೀಲಿ ಬಣ್ಣ ಉಳಿಯಿತು. ಇವರು ಕುರ್ಚಿಯಿಂದ ಏಳಲಿಲ್ಲ. ಚಿಗವ್ವ ಗಾಬರಿಯಾಗಿ ಭುಜ ಅಲ್ಲಾಡಿಸಿದಾಗ ಹೇಳಿದರು:

“ಅವ್ವ ನನಗ ಮುಖ ತೊಳಿಸ್ತಿದ್ಲು ಚಿಗವ್ವಾ. ನನ್ನ ಮ್ಯಾಲ ಬಗ್ತಿದ್ಲು. ಕಣ್ಣಾಗ ಸೋಪಿನ ನೀರು, ಸರಿಯಾಗಿ ಕಾಣ್ತಿದ್ದಿಲ್ಲ. ಆದ್ರೂ ಆಕೀನ ಅಂತ ಗೊತ್ತಾಗ್ತಿತ್ತು. ನನ್ನ ಹತ್ರ ಇದ್ದಿದ್ದು ಅದೊಂದ. ಈಗ ಕಣ್ಣು ಮುಚ್ಚಿದ್ರ ಬಗ್ಗಾಕಿ ಇಕಿ, ಕಬ್ಬಿಣದ ಅಂಗಿ ಹಾಕ್ಕಂಡು. ಅಲ್ಲಿಂದ ಹೋದ್ಲು, ಇಲ್ಲಿಂದ ಹೋಗವಲ್ಲಳು.” ಎಂದು ಹಣೆ ಮುಟ್ಟಿಕೊಂಡರು.

ಒಬ್ಬಳು ಬಂದಿದ್ದಾಳೆ ಎಂಬ ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಆದರೆ ಅವಳು ನನ್ನ ಜಾಗಕ್ಕೆ ಬಂದಿರಲಿಲ್ಲ, ನನ್ನ ಅತ್ತೆಯ ಜಾಗಕ್ಕೆ ಬಂದಿದ್ದಳು. ಜೋಡಿಸಿಟ್ಟುಕೊಂಡ ಬೈಗುಳ ಅಷ್ಟೂ ನನ್ನ ಬಳಿಯೇ ಇತ್ತು. ಜುಟ್ಟು ಹಿಡಿದು ಹೊರಗೆ ದಬ್ಬೋಣವೆಂದರೆ ಅವಳು ನನ್ನ ಕೈಗೆ ಸಿಗುವ ಕಡೆ ಇರಲಿಲ್ಲ.