ಚರಗದ ಕಾಗದಕ್ಕೆ ನನ್ನ ಸಹಿ

ನನಗೆ ಆಗ ಅರವತ್ತೊಂದು. ಐದು ವರ್ಷದ ಹಿಂದಿನ ಮಾತು. ಮಗಳು ನಲವತ್ತರ ಹತ್ತಿರ ಬಂದ ಮೇಲೆ ದೇವಶಾಸ್ತ್ರದ ಎಂ.ಟಿಎಚ್. ಓದಲು ಹೋಗಿದ್ದಳು. ಎರಡನೇ ವರ್ಷ ಒಂದು ದೊಡ್ಡ ಪ್ರಬಂಧ ಬರೆಯಬೇಕಿತ್ತು. ನಮ್ಮ ಕಡೆ ಒಕ್ಕಲುತನ ಮಾಡುವ ಕ್ರೈಸ್ತರ ಮನೆಯ ಹೆಂಗಸರು ದೇವರನ್ನು ಹೇಗೆ ನೆನೆಯುತ್ತಾರೆ ಅನ್ನುವುದು ಅವಳ ವಿಷಯ. ನಾನು ಕಲಿತದ್ದು ಮೂರನೇ ಇಯತ್ತೆ. ಆದರೆ ಯಾವ ಮನೆ ಎಲ್ಲಿ ಅನ್ನುವುದು ನನಗೇ ಗೊತ್ತು, ಅದಕ್ಕೆ ನನ್ನನ್ನು ಎಳೆದುಕೊಂಡು ತಿರುಗಿದಳು. ತಿಕೋಟಾದಲ್ಲಿ ಬಸ್ಸು ಹತ್ತಿ, ವಿಜಯಪುರದಲ್ಲಿ ಇಳಿದು, ಮತ್ತೊಂದು ಬಸ್ಸಿಗೆ ಬಬಲೇಶ್ವರ, ಅಲ್ಲಿಂದ ಜೈನಾಪುರ. ನನ್ನ ಮೊಣಕಾಲು ಹೋದದ್ದು ಆ ವರ್ಷವೇ.

ಎಳ್ಳ ಅಮಾವಾಸ್ಯೆಗೆ ಕಡುಬು, ಸಜ್ಜಿ ರೊಟ್ಟಿ, ಪಲ್ಯ ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದೇ ಚರಗ. ಊರವರು ಭೂಮಿತಾಯಿಗೆ ಅಂತ ಚೆಲ್ಲುತ್ತಾರೆ. ನಮ್ಮ ಹೆಂಗಸರು ಯೇಸುವಿನ ಹೆಸರು ಹೇಳಿ ಚೆಲ್ಲುತ್ತಾರೆ. ನಾನೂ ಚೆಲ್ಲುತ್ತೇನೆ. ಹೊಲಕ್ಕೆ ಉಣಿಸದೆ ಹೊಲದಲ್ಲಿ ಕುಳಿತು ಉಣ್ಣುವುದು ನನ್ನಿಂದ ಆಗದು. ಆದರೆ ಇದು ಚರ್ಚಿನಲ್ಲಿ ಆಡುವ ಮಾತಲ್ಲ. ತಿಕೋಟಾಕ್ಕೂ ಜೈನಾಪುರಕ್ಕೂ ಒಬ್ಬರೇ ಸಭಾಪಾಲಕರು, ನಮಗೆಲ್ಲ ಅಯ್ಯನವರು. ಚರಗ ಚೆಲ್ಲಿದವರಿಗೆ ಯೇಸುವಿನ ನೆನಪಿಗೆ ಚರ್ಚಿನಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ ಇಲ್ಲ ಎಂದು ಅವರು ಎಷ್ಟೋ ಸಲ ಹೇಳಿದ್ದರು.

ಮಗಳು ಈ ಚರಗದ್ದೇ ಒಂದು ಅಧ್ಯಾಯ ಮಾಡಿ, ಯಾರ ಹೆಸರನ್ನೂ ಹಾಕದೆ ಬರೆದಳು. ಅಷ್ಟಕ್ಕೆ ಬಿಡಬೇಕಿತ್ತು. ಬರೆದದ್ದು ಖರೆಯೋ ಸುಳ್ಳೋ ಹೇಳಿದವರನ್ನೇ ಕೇಳಬೇಕು ಎಂದು ಜೈನಾಪುರದ ಹೆಂಗಸರ ಕೂಟದಲ್ಲಿ ಗಟ್ಟಿಯಾಗಿ ಓದಿದಳು. ಸಭಾಪಾಲಕರ ಹೆಂಡತಿ ಎದುರಿಗೇ ಕುಳಿತಿದ್ದರು. ನನ್ನ ಮಗಳು ಅಷ್ಟು ಕಲಿತವಳು, ಅಷ್ಟೂ ತಿಳಿಯಲಿಲ್ಲ.

"ಚರಗ? ನಾವ್ಯಾಕ ಚೆಲ್ಲೂಣ್ರಿ," ಅಂದಳು ಒಬ್ಬಳು. ಹಿಂದಿನ ತಿಂಗಳು ಚರಗದ ಕಡುಬಿಗೆ ಏನೇನು ಹಾಕುತ್ತೇನೆ ಎಂದು ನಮಗೆ ಅರ್ಧ ತಾಸು ಹೇಳಿದವಳೇ.

"ಹಂಗಾರ ಅಷ್ಟೂ ಕಡಬು ನೀನ ಒಬ್ಬಾಕಿ ತಿಂದೇನ ಬೇ?" ಅಂದೆ.

ಯಾರೂ ನಗಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು.

ಹೆಂಗಸರು ಇಲ್ಲ ಅಂದದ್ದು ಕೇಳಿ, ಪ್ರಬಂಧ ನೋಡುವ ಅವಳ ಗೈಡು ಫೋನಿನಲ್ಲಿ ಹೇಳಿದರಂತೆ, ಯಾರಾದರೂ ಒಬ್ಬರು ಹೌದು ಎಂದು ಹೆಸರು ಬರೆದು ಸಹಿ ಮಾಡಬೇಕು, ಇಲ್ಲವಾದರೆ ಆ ಅಧ್ಯಾಯ ತೆಗೆಯಬೇಕು. ತೆಗೆದರೆ ಇನ್ನೊಂದು ವರ್ಷ. ಶನಿವಾರ ಸಂಜೆ ಮಗಳು ಕಟ್ಟೆಯ ಮೇಲೆ ಕುಳಿತು, "ಯವ್ವಾ, ಸಾಕಾಗೇತಿ ನನಗ. ಬಿಟ್ಟ ಬಿಡ್ತೀನಿ," ಅಂದಳು.

"ನನ್ನ ಕಾಲ ಮುರದ ಮ್ಯಾಲ ಬಿಡ್ತೀ? ತಾ ಆ ಕಾಗದ."

"ಅಯ್ಯನವರಿಗೆ ಗೊತ್ತಾಗತೈತಿ ಬೇ. ನಿನಗ ರೊಟ್ಟಿ ಕೊಡಂಗಿಲ್ಲ."

"ಗೊತ್ತೈತಿ. ಎಲ್ಲಿ ಬರೀಲಿ, ಅದನ್ನ ಹೇಳ."

ನನ್ನ ಹೆಸರು ಬರೆಯಲು ನನಗೆ ಹೊತ್ತು ಹಿಡಿಯುತ್ತದೆ. ಕೊನೆಯ ಅಕ್ಷರ ಗೆರೆ ಬಿಟ್ಟು ಕೆಳಗೆ ಹೋಯಿತು. ಅವಳು ಅಳತೊಡಗಿದಳು. ನಾನು ಒಲೆ ಹಚ್ಚಲು ಒಳಗೆ ಹೋದೆ. ಆ ಅಧ್ಯಾಯ ಉಳಿಯಿತು, ಮುಂದೆ ಡಿಗ್ರಿಯೂ ಬಂತು.

ಮರುದಿನ ಭಾನುವಾರ, ಕರ್ತನ ಭೋಜನದ ದಿನ. ಚರ್ಚು ಗುಡಿಸುವ ಕೆಲಸ ನನ್ನದೇ. ಗುಡಿಸಿ, ಜಮಖಾನಿ ಹಾಸಿ, ಸಭಾಪಾಲಕರು ಬರುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತೆ.

"ಅಯ್ಯನವರ, ನಾನೂ ಚರಗ ಚೆಲ್ತೀನ್ರಿ. ಬರದು ಸಹಿ ಮಾಡೇನಿ."

ಅವರು ಚಪ್ಪಲಿ ಬಿಟ್ಟು ನನ್ನ ಕಡೆ ತಿರುಗಿದರು. "ಇನ್ನ ಮುಂದ ಬಿಡ್ತೀರೇನ್ರಿ ಯವ್ವಾ?"

"ಇಲ್ರಿ."

ಅವರು ತಲೆ ಕೆಳಗೆ ಹಾಕಿ ಒಳಗೆ ಹೋದರು. ನಾನು ಯಾವಾಗಿನಂತೆ ಎರಡನೇ ಸಾಲಿನಲ್ಲಿ ಕುಳಿತೆ. ರೊಟ್ಟಿಯ ತಟ್ಟೆ ನನ್ನ ಹತ್ತಿರ ಬಂದಾಗ ಕೈ ಚಾಚಲಿಲ್ಲ, ಪಕ್ಕದವಳಿಗೆ ದಾಟಿಸಿದೆ. ಎಲ್ಲರೂ ಹೋದ ಮೇಲೆ ಜಮಖಾನಿ ಸುತ್ತಿಟ್ಟು, ಕೀಲಿ ಹಾಕಿಕೊಂಡು ಮನೆಗೆ ಬಂದು ಜೋಳದ ಹಿಟ್ಟು ನಾದಿದೆ.