ಬೆನ್ನ ಹಿಂದಿನ ಹೊಳೆ

‘ನೀವು ಬರ್ದಿದ್ದು ಸುಳ್ಳರಿ.’

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕಿವಿಗೆ ಬಿದ್ದ ಮೊದಲ ಮಾತು ಇದು. ಎದುರಿಗೆ ಅರವತ್ತು ದಾಟಿದ ಹೆಂಗಸು. ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಕೈಯಲ್ಲಿ ನಾಲ್ಕು ಮಡಿಕೆಯ ಪೇಪರ್. ನಮಸ್ಕಾರವಿಲ್ಲ, ಪರಿಚಯವಿಲ್ಲ.

ಬೈಸಿಕೊಳ್ಳುವುದು ಅಂಕಣ ಬರೆಯುವವನಿಗೆ ಹೊಸದೇನಲ್ಲ. ಕಾಗುಣಿತ ತಪ್ಪಿದರೆ ಮಾಸ್ತರರು ಫೋನ್ ಮಾಡುತ್ತಾರೆ. ತಮ್ಮ ಊರಿನ ಹೆಸರು ಬಿಟ್ಟರೆ ಊರಿನವರು ಮಾಡುತ್ತಾರೆ. ಆದರೆ ಇಂಡಿ ಊರಿನ ನನ್ನ ಮನೆಗೇ ಬಂದು, ನಾನಿನ್ನೂ ಹಲ್ಲುಜ್ಜುವ ಮೊದಲೇ ಸುಳ್ಳುಗಾರ ಎಂದವರು ಇವರೊಬ್ಬರೇ.

ಒಳಗೆ ಕರೆದು ಕೂರಿಸಿದೆ. ಪೇಪರ್ ಬಿಡಿಸಿದರು. ನನ್ನದೇ ಅಂಕಣ. ಚಡಚಣದ ಸುತ್ತಲಿನ ಸುಲಭದ ನಡಿಗೆಗಳ ಬಗ್ಗೆ ಹಿಂದಿನ ತಿಂಗಳು ಬರೆದದ್ದು ನಿಮಗೆ ನೆನಪಿರಬಹುದು. (ಇಲ್ಲದಿದ್ದರೂ ಬೇಜಾರಿಲ್ಲ.) ಚಡಚಣ ಗಡಿಯ ಹಳೆಯ ಪೇಟೆ. ಮರಾಠಿಯಲ್ಲಿ ದರ ಕೇಳಿ ಕನ್ನಡದಲ್ಲಿ ಚೌಕಾಸಿ ಮಾಡುವ ಜನ. ಎರಡೂ ರಾಜ್ಯದವರು ಅಲ್ಲಿಗೆ ಬಂದು ಮದುವೆ ಬಟ್ಟೆ ಕೊಂಡು ಹಾಗೇ ಬಸ್ ಹತ್ತುತ್ತಾರೆ. ಒಮ್ಮೆ ಭೀಮಾ ನದಿಯ ದಂಡೆಗೂ ಹೋಗಿ ಬನ್ನಿ, ಕಾಡಿನ ನಡುವೆ ಸಣ್ಣ ದಾರಿ ಇದೆ, ಏರಿಲ್ಲ, ಇಳಿವಿಲ್ಲ ಎಂದೆಲ್ಲ ಬರೆದಿದ್ದೆ.

ಅದರಲ್ಲೊಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿತ್ತು. ‘ಪಕ್ಷಿಗಳನ್ನು ಬಿಟ್ಟರೆ ಇಲ್ಲಿ ಬೇರೆ ಕಾಡುಜೀವಿಗಳು ಕಾಣಸಿಗುವುದಿಲ್ಲ, ಯಾರು ಬೇಕಾದರೂ ಧೈರ್ಯವಾಗಿ ನಡೆಯಬಹುದು.’

‘ಅಲ್ಲಿ ನೀರನಾಯಿ ಅದಾವ್ರಿ. ಒಂದ ಸಲ ಅಲ್ಲ, ನೂರ ಸಲ ನೋಡೀನಿ. ನೀವು ಇಲ್ಲಂತ ಬರ್ದ್ರಿ. ಈಗ ನಮ್ಮ ಮನಿಯವ್ರು ಊರ ತುಂಬ ಪೇಪರ್ ತೋರಿಸ್ಕೊಂತ ಅಡ್ಡಾಡಾಕತ್ತಾರ.’

ವಿಷಯ ಹೀಗಿದೆ. ಈ ತಾಯಿಯ ಹೆಸರು ಕಾಶವ್ವ. ಗಂಡ ರೇವಪ್ಪ ರೈಲ್ವೆಯಲ್ಲಿ ಕೀಮನ್ ಆಗಿದ್ದವರು. ದಿನವೂ ಹಳಿಗುಂಟ ನಡೆದು, ಸಡಿಲಾದ ಕೀಲಿಗಳನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವ ಕೆಲಸ. ಆಗ ಅವರ ಮನೆ ಹೊಳೆಯ ಹತ್ತಿರ. ವಾರದ ಸಂತೆಗೆ ಗಂಡಹೆಂಡತಿ ದಂಡೆಯ ದಾರಿಯಲ್ಲಿ ನಡೆದು ಹೋಗುತ್ತಿದ್ದರು. ರೇವಪ್ಪ ಮುಂದೆ, ಕಾಶವ್ವ ಇಪ್ಪತ್ತು ಹೆಜ್ಜೆ ಹಿಂದೆ. (ನಮ್ಮ ಕಡೆ ಜೋಡಿಯಾಗಿ ನಡೆದರೆ ಹೊಸದಾಗಿ ಮದುವೆಯಾದವರು ಎಂದುಕೊಂಡು ನಗುತ್ತಾರೆ.)

ಆಗ ಕಾಶವ್ವ ನೀರುನಾಯಿಗಳನ್ನು ಕಂಡರು. ಗಂಡನಿಗೆ ಹೇಳಿದರು. ಅವರು ತಿರುಗಿ ನೋಡುವಷ್ಟರಲ್ಲಿ ಏನೂ ಇರಲಿಲ್ಲ. ಮುಂದಿನ ವಾರವೂ ಅದೇ ಕಥೆ. ಅಲ್ಲಿಂದ ಶುರುವಾದ ಜಗಳ ರೇವಪ್ಪ ರಿಟೈರ್ ಆಗಿ ಇಂಡಿಗೆ ಬಂದರೂ ಮುಗಿದಿರಲಿಲ್ಲ. ಮನೆಗೆ ಯಾರಾದರೂ ನೆಂಟರು ಬಂದರೆ, ‘ನಮ್ಮಾಕಿಗೆ ಹೊಳ್ಯಾಗ ನಾಯಿ ಕಾಣ್ತಾವ್ರಿ’ ಎಂದು ರೇವಪ್ಪ ನಗಿಸುವರು. ಕಾಶವ್ವ ಒಳಗೆ ಹೋಗಿ ಸುಮ್ಮನೆ ರೊಟ್ಟಿ ಬಡಿಯುವರು.

ಈಗ ನನ್ನ ಅಂಕಣ ಬಂದಿತ್ತು, ರೇವಪ್ಪನವರ ಪರವಾಗಿ.

‘ಒಂದ ಸಾಲಿನ್ಯಾಗ ನನ್ನ ಸುಳ್ಳಿ ಮಾಡಿದ್ರಿ. ಇನ್ನ ನಾ ಸಾಯೂತನಕ ಇದನ್ನ ಕೇಳಬೇಕೇನ್ರಿ?’ ಎಂದು ಪೇಪರನ್ನು ನನ್ನ ಮುಂದೆ ತಳ್ಳಿದರು.

ನಿಮ್ಮೆದುರು ಮುಚ್ಚಿಡುವುದೇನು? ಆ ದಾರಿಯಲ್ಲಿ ನಾನು ನಡೆದದ್ದು ಒಂದೇ ಸಲ. ಅದೂ ಗೆಳೆಯನ ಜೊತೆ, ರಾಜಕೀಯ ಮಾತಾಡುತ್ತ, ನಡುನಡುವೆ ಫೋನ್ ಎತ್ತುತ್ತ. ಕಾಡುಜೀವಿ ಇಲ್ಲ ಎಂದು ಸರ್ಟಿಫಿಕೇಟ್ ಕೊಡಲು ನಾನ್ಯಾರು?

‘ಭಾನುವಾರ ಹೋಗೋಣ ಕಾಕು. ಕಾಕಾ ಅವರನ್ನೂ ಕರಕೊಂಡು ಬರ್ರಿ’ ಎಂದೆ.

ರೇವಪ್ಪ ಬಂದರು. ಗೆದ್ದವರ ಹುರುಪಿನಲ್ಲೇ ಬಂದರು. ಗಟ್ಟಿ ಆಳು, ಬೀಸುಗಾಲಿನ ನಡಿಗೆ, ಕೈಯಲ್ಲೊಂದು ಕಬ್ಬಿಣದ ತುದಿಯ ಬಡಿಗೆ. ಬಸ್ಸಿನಲ್ಲೇ ನನ್ನ ಹೆಗಲ ಮೇಲೆ ಕೈ ಹಾಕಿ, ‘ಸರ, ನಾನೂ ಆ ದಾರ್ಯಾಗ ಅಕಿಯಷ್ಟ ನಡದೀನಿ. ನನಗ ಒಂದ ದಿನಾನೂ ಕಾಣದ್ದು ಇಕಿಗೆ ಹ್ಯಾಂಗ ಕಾಣ್ತೈತ್ರಿ?’ ಎಂದರು. ನಿಜ ಹೇಳಬೇಕೆಂದರೆ, ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು.

ಬಸ್ಸಿಳಿದು ಮೊದಲು ಕಾಡು ದಾಟಬೇಕು. ಕಾಡು ಎಂದೊಡನೆ ಘಟ್ಟದ ಕಡೆಯ ಓದುಗರು ನಗಬಾರದು. ನಮ್ಮ ಕಾಡು ಎಂದರೆ ಜಾಲಿ, ಬೇವು, ಕಾರೆಮುಳ್ಳಿನ ಪೊದೆ. ನೆತ್ತಿಗೆ ನೆರಳು ಕೊಡುವುದಕ್ಕಿಂತ ಹೆಚ್ಚಾಗಿ ಪ್ಯಾಂಟಿಗೆ ಮುಳ್ಳು ಕೊಡುತ್ತದೆ. ಆದರೂ ಆ ಹೊತ್ತಿನಲ್ಲಿ ಬೇವು ಹೂ ಬಿಟ್ಟಿತ್ತು. ಗಾಳಿ ಬೀಸಿದಾಗಲೆಲ್ಲ ಆ ಕಹಿಸಿಹಿ ವಾಸನೆ ಮೂಗಿಗೆ ಬರುತ್ತಿತ್ತು.

ದಾರಿ ಒಬ್ಬರಿಗಷ್ಟೇ ಸಾಕಾಗುವಂಥದ್ದು. ರೇವಪ್ಪ ಮುಂದೆ, ಅವರ ಬೆನ್ನಿಗೆ ನಾನು, ದೂರದಲ್ಲಿ ಕಾಶವ್ವ. ಹೀಗೆ ನಡೆಯೋಣ ಎಂದು ಯಾರೂ ತೀರ್ಮಾನಿಸಿರಲಿಲ್ಲ. ತಾನಾಗಿಯೇ ಹಾಗಾಯಿತು. ರೇವಪ್ಪ ನೆಲ ನೋಡುತ್ತಲೇ ನಡೆಯುತ್ತಿದ್ದರು. ದಾರಿಯ ಕಲ್ಲುಗಳಿಗೆಲ್ಲ ಬಡಿಗೆಯಿಂದ ಟಣ್ ಎಂದು ಒಂದೊಂದು ಏಟು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಕೈಗೆ ಅದು ಗೊತ್ತಿಲ್ಲ. ತಲೆ ಎತ್ತಿದರೆ ಕೀಲಿ ತಪ್ಪುತ್ತಿತ್ತಂತೆ, ಕೀಲಿ ತಪ್ಪಿದರೆ ರೈಲು. ಅವರ ನಡಿಗೆಯನ್ನು ಆಡಿಕೊಳ್ಳುವ ಮನಸ್ಸಾಗಲಿಲ್ಲ.

ಹೊಳೆ ಬಂತು. ನೀರು ಇಳಿದು, ನಡುವೆ ಉಸುಕಿನ ದಿಬ್ಬಗಳು ಎದ್ದಿದ್ದವು. ಆಚೆ ದಂಡೆ ಮಹಾರಾಷ್ಟ್ರ. (ನನ್ನ ಫೋನ್ ಆಗಲೇ ಆ ರಾಜ್ಯಕ್ಕೆ ಸ್ವಾಗತ ಕೋರಿ ಮೆಸೇಜ್ ಕಳಿಸಿತ್ತು.) ಅಗಲಕ್ಕೆ ಹರಡಿದ ಹಸಿರು ನೀರು, ದಂಡೆಗುಂಟ ಎತ್ತರದ ಜೊಂಡು. ಜೀವ ಎಂದರೆ ನಾಲ್ಕು ಬೆಳ್ಳಕ್ಕಿ ಮಾತ್ರ. ಅವೂ ನಮ್ಮನ್ನು ಕಂಡು ಎದ್ದು ಹೋದವು.

‘ನೋಡ್ರಿ ಸರ, ಎಲ್ಲಿ ಅದಾವು?’ ರೇವಪ್ಪ ಎರಡೂ ಕೈ ಚೆಲ್ಲಿದರು.

ಅಷ್ಟರಲ್ಲಿ ಕಾಶವ್ವ ಬಂದು ಸೇರಿದರು. ನನಗೆ ಮುಜುಗರ. ಸುಮ್ಮನಿರಲಾರದೆ, ‘ನಿಮಗೇನಾದರೂ ಕಂಡವಾ ಕಾಕು?’ ಎಂದೆ.

‘ಹೂಂರಿ. ನೀವು ಆ ದೊಡ್ಡ ಬೇವಿನ ಗಿಡ ದಾಟಿದ ಮ್ಯಾಲೆ ಮುಂಗುಸಿ ಎರಡು ಮರಿ ಕರಕೊಂಡು ದಾರಿ ದಾಟಿತು. ಕಾರಿ ಕಂಟಿ ಬುಡಕ ಮೊಲ ಕುಂತಿತ್ತು. ನಿಮ್ಮ ಕಾಲಿಗೂ ಅದಕ್ಕೂ ಒಂದ ಮಾರು. ನೀವು ಹೋಗೂತನಕ ಉಸಿರು ಬಿಡಲಿಲ್ಲ. ಆಮ್ಯಾಲೆ ಎದ್ದು ಕಿವಿ ಒರಸ್ಕೊಂತು.’

ನಾನು ಬೆರಗಾದೆ. ಅದೇ ದಾರಿ, ಅದೇ ಹೊತ್ತು. ನನ್ನ ಕಾಲಿನ ಪಕ್ಕದಲ್ಲಿ ಒಂದು ಮೊಲ ಉಸಿರು ಬಿಗಿಹಿಡಿದು ಕುಳಿತಿತ್ತು. ನಾನೋ, ರೇವಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದ ಪೆನ್ಷನ್ ತಕರಾರಿನಲ್ಲಿ ಮುಳುಗಿದ್ದೆ.

‘ಮುಂದ ಹೋಗೋರು ದಾಟೂತನಕ ಎಲ್ಲಾ ಅಡಗಿ ಕುಂದರ್ತಾವ್ರಿ. ದಾಟಿದ್ರು ಅಂದಕೂಡ್ಲೇ ಹೊರಗ ಬರ್ತಾವು. ಹಿಂದಿದ್ದವ್ರಿಗಷ್ಟ ಕಾಣ್ತಾವು’ ಎಂದರು ಕಾಶವ್ವ. ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅರ್ಧ ಆಯುಷ್ಯ ಇಪ್ಪತ್ತು ಹೆಜ್ಜೆ ಹಿಂದೆ ನಡೆದು ಕಂಡುಕೊಂಡದ್ದು.

ಆಮೇಲೆ ಅವರು ಗಂಡನ ಮುಂದೆ ಕೈ ಚಾಚಿದರು. ‘ಆ ಬಡಿಗಿ ಕೊಡ್ರಿ ಇಲ್ಲೆ.’

‘ಯಾಕ?’

‘ಇವತ್ತು ನಾ ನಿಮ್ಮಂಗ ಬಡಕೊಂತ ಮುಂದ ಹೋಗ್ತೇನಿ. ನೀವಿಬ್ರೂ ಈ ಜಾಲಿ ಗಿಡದ ಮರೆಗೆ ಗಪ್ಪ ಕುಂದರ್ರಿ. ನನ್ನ ನೋಡಬ್ಯಾಡ್ರಿ, ನಾ ದಾಟಿದ ಜಾಗಾ ನೋಡ್ರಿ.’

ರೇವಪ್ಪ ನನ್ನ ಮುಖ ನೋಡಿದರು. ನಾನು ಬಡಿಗೆ ನೋಡಿದೆ. ಕೊಟ್ಟರು.

ಕಾಶವ್ವ ಹೊರಟರು. ಟಣ್, ಟಣ್. ಜೊಂಡಿನ ಪಕ್ಕದಲ್ಲೇ, ಉಸುಕಿನ ದಿಬ್ಬದ ಎದುರಿಗೇ, ದೊಡ್ಡದಾಗಿ ಕೆಮ್ಮುತ್ತ ದಾಟಿದರು. (ಕೆಮ್ಮು ರೇವಪ್ಪನವರದ್ದೇ ನಕಲು. ಅವರು ಗುರುತು ಹಿಡಿದು ಮುಖ ಸಿಂಡರಿಸಿದರು.) ದನಿ ದೂರವಾಯಿತು. ನಾವು ಕುಕ್ಕರುಗಾಲಲ್ಲಿ ಕುಳಿತಿದ್ದೆವು. ಮೊಣಕಾಲು ನೋಯುತ್ತಿತ್ತು. ಏನೂ ಇಲ್ಲ. ಪಾಪ, ಈ ತಾಯಿಗೆ ಇನ್ನು ಏನು ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದೆ.

ಆಗ ನೀರು ಮಿಸುಕಿತು.

ಜೊಂಡಿನ ಬುಡದಿಂದ ಒಂದು ಚಪ್ಪಟೆ ತಲೆ ಮೇಲೆದ್ದಿತು. ಒದ್ದೆ ಮೀಸೆ, ಗುಂಡು ಕಣ್ಣು. ಕಾಶವ್ವ ಹೋದ ದಿಕ್ಕಿಗೆ ಕತ್ತು ಹೊರಳಿಸಿ, ಹೋದರೇ ಎಂದು ಖಾತ್ರಿ ಮಾಡಿಕೊಂಡಿತು. ಒಂದು ಸಣ್ಣ ಚಿಲಿಪಿಲಿ ದನಿ ತೆಗೆಯಿತು. ಅಷ್ಟೇ. ಹಿಂದಿನಿಂದ ಇನ್ನೊಂದು, ಮತ್ತೊಂದು. ಸಾಲಾಗಿ ಈಜಿ ಬಂದು ಉಸುಕಿನ ಮೇಲೆ ಹತ್ತಿದವು. ಮೈ ಕೊಡವಿದವು. ಬೆನ್ನು ಕೆಳಗೆ ಮಾಡಿ ಉರುಳಾಡಿದವು. ಒಂದರ ಬಾಯಲ್ಲಿ ಮೀನು. ಮುಂಗಾಲುಗಳಲ್ಲಿ ಅದನ್ನು ಹಿಡಿದು, ತಲೆಯಿಂದ ಶುರುಮಾಡಿ ಕರಕರ ಅಗಿಯುವ ಸದ್ದು ನಮ್ಮವರೆಗೂ ಕೇಳಿಸಿತು.

ನಾನು ಹುಟ್ಟಿ ಬೆಳೆದದ್ದು ಇದೇ ನೆಲದಲ್ಲಿ. ಬಿಸಿಲು, ಧೂಳು, ಜಾಲಿ ಬಿಟ್ಟರೆ ಇಲ್ಲಿ ಏನಿದೆ ಎಂದು ಎಷ್ಟು ಸಲ ಹೇಳಿದ್ದೇನೋ! ಫೋಟೊ ತೆಗೆಯಬೇಕೆಂಬುದು ನೆನಪಿಗೇ ಬರಲಿಲ್ಲ. ಪಕ್ಕದಲ್ಲಿ ರೇವಪ್ಪ ನನ್ನ ತೋಳು ಹಿಡಿದಿದ್ದರು. ಆ ಹಿಡಿತದ ಗುರುತು ಸಂಜೆಯವರೆಗೂ ಇತ್ತು.

ಅವುಗಳ ಆಚೆ, ದಂಡೆಯ ತಿರುವಿನಲ್ಲಿ, ಕಾಶವ್ವ ಹೋಗುತ್ತಲೇ ಇದ್ದರು. ಟಣ್, ಟಣ್. ಒಮ್ಮೆಯೂ ತಿರುಗಲಿಲ್ಲ. ತಿರುಗಿದರೆ ಅವು ಮುಳುಗುತ್ತವೆ ಎಂದು ಅವರಿಗೆ ಗೊತ್ತು. ನೂರು ಸಲ ಕಂಡದ್ದನ್ನು ಅಂದು ಕಾಣದೆ ಹೋದರು, ಗಂಡನಿಗೆ ಕಾಣಲಿ ಎಂದು. ಮದುವೆಯಾಗಿ ಇಷ್ಟು ವರ್ಷಕ್ಕೆ ರೇವಪ್ಪ ಹೆಂಡತಿಯ ಬೆನ್ನು ನೋಡಿದ್ದು ಅದೇ ಮೊದಲಿರಬೇಕು. ಅವರ ಕಣ್ಣು ತುಂಬಿತ್ತು. ನೀರುನಾಯಿಗಳಿಗೋ, ಆ ಬೆನ್ನಿಗೋ, ನಾನು ಕೇಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವು ನೀರಿಗಿಳಿದವು. ನಾವು ಎದ್ದು ನಡೆದೆವು. ಕಾಶವ್ವ ಒಂದು ಕಲ್ಲಿನ ಮೇಲೆ, ನಮಗೆ ಬೆನ್ನು ಮಾಡಿ ಕುಳಿತಿದ್ದರು.

‘ಬಂದ್ವೇನ್ರಿ?’ ಎಂದರು, ತಿರುಗದೆಯೇ.

ರೇವಪ್ಪ ಇಲ್ಲ ಅಂದುಬಿಟ್ಟರೆ? ಗಂಡಸಿನ ಹಟ, ಹೇಳಲಿಕ್ಕಾಗದು. ಸಾಕ್ಷಿ ಹೇಳಲು ನಾನು ಬಾಯಿ ತೆರೆದೆ. ರೇವಪ್ಪ ಕೈ ಎತ್ತಿ ತಡೆದರು.

‘ಐದು ಅದಾವು’ ಎಂದರು.

‘ಆರು. ಸಣ್ಣದು ಯಾವಾಗ್ಲೂ ತಡಾ ಮಾಡಿ ಬರ್ತೈತಿ’ ಎಂದು ಕಾಶವ್ವ ಎದ್ದು ಸೀರೆ ಕೊಡವಿಕೊಂಡರು.

‘ಪೇಪರಿನಲ್ಲಿ ತಿದ್ದಿ ಬರೀತೇನೆ ಕಾಕು’ ಎಂದೆ.

‘ಬರ್ಕೋರಿ. ಚಡಚಣ ಅಂದಿದ್ದ ಸಾಕು, ಬಸ್ ಇಳದ ಊರ ಹೆಸರು ಬರೀಬ್ಯಾಡ್ರಿ. ನಾಳೆ ಮಂದಿ ಮೊಬೈಲ್ ಹಿಡಕೊಂಡು ಬಂದ್ರ ಅವು ಎಲ್ಲಿ ಹೋಗ್ಬೇಕು?’ ಎಂದರು. ಹೀಗಾಗಿ ಬರೆದಿಲ್ಲ. ಫೋನ್ ಮಾಡಿ ಕೇಳಬೇಡಿ.

ವಾಪಸ್ ಬರುವಾಗ ಕಾಶವ್ವ ಮುಂದಿದ್ದರು. ರೇವಪ್ಪ ಇಪ್ಪತ್ತು ಹೆಜ್ಜೆ ಹಿಂದೆ, ತಲೆ ಎತ್ತಿಕೊಂಡು, ಪೊದೆ ಪೊದೆಯನ್ನೂ ನೋಡುತ್ತ. ಡಾಂಬರು ರಸ್ತೆಗೆ ಬಂದಮೇಲೂ ಹಾಗೇ. ಊರಿನವನೊಬ್ಬ ಬೈಕ್ ನಿಲ್ಲಿಸಿ, ‘ಕಾಕಾ, ಕಾಲ್ ನೋಯಾಕತ್ತಾವೇನ್ರಿ? ಹಿಂದ ಬಿದ್ದೀರಲ್ಲ, ಹತ್ರಿ ಗಾಡಿ’ ಎಂದ.

‘ಕಾಲು ಗಟ್ಟಿ ಅದಾವಪಾ’ ಎಂದರು ರೇವಪ್ಪ. ‘ನೋಡ್ಕೊಂತ ಬರಾಕತ್ತೇನಿ.’

ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ, ‘ನಾಳಿಂದ ವಾಕಿಂಗ್ ಹೋಗುವಾಗ ನೀ ಮುಂದ ನಡಿ, ನಾ ಹಿಂದ ಬರ್ತೇನಿ.’

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: ‘ಯಾಕ್ರಿ, ದಾರ್ಯಾಗ ಹಾವು ಐತೇನು?’