ಅತ್ತೆಯ ಪಾದ ಒತ್ತುವ ಆಟ

ಇವತ್ತು ಬೆಳಿಗ್ಗೆ ನೋಡಿದರೆ, ಮಗಳು ಶಾಲೆಯ ಪ್ರಯೋಗಕ್ಕೆಂದು ನೆನೆಸಿಟ್ಟಿದ್ದ ಒಣದ್ರಾಕ್ಷಿ ಉಬ್ಬಿಕೊಂಡಿದ್ದವು. "ಸಿಪ್ಪಿ ನೀರನ್ನ ಒಳಗ ಬಿಟ್ಕಂತೈತಮ್ಮ, ಸಕ್ರಿ ಹೊರಗ ಬಿಡಂಗಿಲ್ಲ" ಎಂದಳು. ಒಂದನ್ನು ಒತ್ತಿದೆ. ಸೋದರತ್ತೆಯ ಪಾದ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ರಾಯದುರ್ಗದ ನಮ್ಮ ಪಡಸಾಲೆಯಲ್ಲಿ ಅತ್ತೆ ದಿನವಿಡೀ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಬೆರಳೆಲ್ಲ ನೀಲಿ. ಪದೇ ಪದೇ ಬಚ್ಚಲಿಗೆ ಏಳಬೇಕಾಗುತ್ತದೆಂದು ನೀರೇ ಕುಡಿಯುತ್ತಿರಲಿಲ್ಲ. ಸೊಂಟನೋವಿಗೆ ದಿನವೂ ಮಾತ್ರೆ ನುಂಗುತ್ತಿದ್ದಳು. ಅಂಗಡಿಯಿಂದ ತಂದುಕೊಡುತ್ತಿದ್ದವಳು ನಾನೇ.

ಮಷೀನಿನ ಕೆಳಗೆ ಕೂತು ಅವಳ ಪಾದಕ್ಕೆ ಹೆಬ್ಬೆರಳು ಒತ್ತುವುದು ನನ್ನ ಆಟ. ಒತ್ತಿದಲ್ಲಿ ಕುಳಿ ಬೀಳುತ್ತಿತ್ತು. ಮೊದಮೊದಲು ಐದು ಎಣಿಸುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿದ್ದ ಕುಳಿ, ಬೇಸಿಗೆ ಬರುವ ಹೊತ್ತಿಗೆ ಮೂವತ್ತು ಎಣಿಸಿದರೂ ಹಾಗೇ ಇರುತ್ತಿತ್ತು.

"ಅತ್ತಿ, ಮೂವತ್ತು!" ಎಂದು ನಾನು ಕುಣಿದರೆ ಅವಳು ನಗುತ್ತಿದ್ದಳು. "ಪೆಡಲ್ ತುಳಿದ್ರ ಬಾವು ಬರ್ತೈತವ್ವ. ಹೋಗು, ಇನ್ನೆರಡು ಮಾತ್ರಿ ತಗಂಡ್ ಬಾ."

ಕೊನೆಗೆ ಬಳ್ಳಾರಿಯ ಡಾಕ್ಟರು ಅತ್ತೆಯ, ನನ್ನ ಎದುರೇ ಅಪ್ಪನಿಗೆ ಹೇಳಿದರು: "ಕಿಡ್ನಿ ಅಂದ್ರ ರಕ್ತ ಸೋಸೋ ಜರಡಿ ಇದ್ದಂಗ್ರಿ. ಇವ್ರದು ಕೆಟ್ಟೈತಿ. ಕಸ ಒಳಗ ಉಳಿದು, ಸತ್ವ ಹೊರಗ ಹೊಂಟೈತಿ. ಇಷ್ಟು ನೋವಿನ ಮಾತ್ರಿ ಯಾರು ತಂದ್ಕೊಡ್ತಿದ್ರು?"

ಅತ್ತೆ ನನ್ನತ್ತ ನೋಡಲೇ ಇಲ್ಲ. "ನಾನ ತರ್ತಿದ್ದೆ ರೀ" ಎಂದಳು. ಮುಂದಿನ ಬೇಸಿಗೆಗೆ ಅವಳಿರಲಿಲ್ಲ.

ಈಗ ಅದೇ ಮಷೀನಿನಲ್ಲಿ ನಾನು ಹೊಲಿಯುತ್ತೇನೆ. ಮಧ್ಯಾಹ್ನ ಕೆಳಗೆ ಬಿದ್ದ ದಾರದ ಬಾಬಿನ್ ಹುಡುಕಲು ಬಗ್ಗಿದ ಮಗಳು ನನ್ನ ಪಾದ ಒತ್ತಿ ನೋಡಿದಳು.

"ಅಮ್ಮ, ನಿನ್ನ ಕಾಲೂ ನೀರಾಗ ನೆನೆಸಿಟ್ಟಿದ್ದೇನು?"

ನಾನು ಕುಳಿ ನೋಡುತ್ತ ಎಣಿಸುತ್ತಿದ್ದೆ. ಹತ್ತು ದಾಟಿತ್ತು.